ಅಡುಗೆಮನೆಯ ಅಚ್ಚುಕಟ್ಟು: ಐದು ತಾಣಗಳ ಎಚ್ಚರ

ಮಳೆಗಾಲದ ಒಂದು ಬೆಳಿಗ್ಗೆ. ಮಕ್ಕಳಿಗೆ ಶಾಲೆಗೆ ಹೊತ್ತಾಗುತ್ತಿದೆ. ಉಪ್ಪಿಟ್ಟು ಮಾಡೋಣವೆಂದು ರವೆಯ ಡಬ್ಬಿ ತೆರೆದರೆ ಒಳಗೆ ಕೆಂಗಂದು ಬಣ್ಣದ ಪುಟ್ಟ ಹುಳುಗಳು ಹರಿದಾಡುತ್ತಿವೆ. ಈ ಪರಿಸ್ಥಿತಿ ಎದುರಾಗದ ಮನೆ ಇರಲಾರದು.

ಈಗೇನು ಮಾಡುವುದು? ಜರಡಿ ಹಿಡಿದರೆ ದೊಡ್ಡ ಹುಳುಗಳು ಬೇರೆಯಾಗುತ್ತವೆ, ಮೊಟ್ಟೆ ಮರಿಗಳು ರವೆಯಲ್ಲೇ ಉಳಿಯುತ್ತವೆ. ಸುಡುಬಿಸಿಲಿಗೆ ಹರವಿದರೆ ಸಾಯುತ್ತವೆ. ಫ್ರೀಜರ್‌ನಲ್ಲಿ ಇಟ್ಟರೂ ಸಾಯುತ್ತವೆ. ಚೀಲಕ್ಕೆ ಕಟ್ಟಿ ಕಸದ ಗಾಡಿಗೆ ಕೊಟ್ಟರೆ ಕಣ್ಣಿಗೆ ಕಾಣದ ಕಡೆ ಸಾಯುತ್ತವೆ, ಅಷ್ಟೇ ವ್ಯತ್ಯಾಸ. ಹುಳು ಹುಟ್ಟಿದ ಮೇಲೆ ಪೂರ್ಣವಾಗಿ ನಿರ್ದೋಷವಾದ ದಾರಿ ಒಂದೂ ಉಳಿಯುವುದಿಲ್ಲ. ಉಳಿಯುವುದು ಹುಟ್ಟುವುದಕ್ಕೆ ಮುಂಚಿನ ದಾರಿ ಮಾತ್ರ. ಆದ್ದರಿಂದ ಜೈನ ಮನೆಯಲ್ಲಿ ಅಡುಗೆಮನೆಯ ಅಚ್ಚುಕಟ್ಟು ಅಂದಚಂದದ ವಿಷಯವಷ್ಟೇ ಅಲ್ಲ, ಅಹಿಂಸಾಣುವ್ರತದ ಒಂದು ಭಾಗ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮೊದಲು ಹೇಳುತ್ತದೆ. ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯನ್ನೂ ಆಲೋಕಿತಪಾನಭೋಜನವನ್ನೂ ಅದು ಸೇರಿಸಿದೆ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಮೊದಲನೆಯದು. ಬೆಳಕಿನಲ್ಲಿ ಚೆನ್ನಾಗಿ ನೋಡಿ ಅನ್ನಪಾನ ಸೇವಿಸುವುದು ಎರಡನೆಯದು. ಸಮಿತಿಗಳು ಮುನಿಗಳಿಗೆ ಪೂರ್ಣವಾಗಿ ವಿಹಿತವಾದವು. ಶ್ರಾವಕರು ಶಕ್ತಿಗೆ ತಕ್ಕಷ್ಟು ಪಾಲಿಸುತ್ತಾರೆ. ಆದರೆ ಡಬ್ಬಿಗಳು ಒಂದರ ಮೇಲೊಂದು ಬಿದ್ದಿರುವ, ಮೂಲೆಗೆ ಬೆಳಕೇ ಬೀಳದ ಅಡುಗೆಮನೆಯಲ್ಲಿ ನೋಡಿ ಎತ್ತುವುದಾಗಲಿ ನೋಡಿ ಇಡುವುದಾಗಲಿ ಹೇಗೆ ಸಾಧ್ಯ?

ಪಂಚಸೂನಗಳು

ಗೃಹಸ್ಥನ ಮನೆಯಲ್ಲಿ ಜೀವಹಾನಿ ನಡೆಯುವ ಐದು ತಾಣಗಳನ್ನು ಶಾಸ್ತ್ರಗಳು ‘ಪಂಚಸೂನ’ ಎಂದು ಕರೆಯುತ್ತವೆ: ಒರಳು, ಬೀಸುಕಲ್ಲು, ಒಲೆ, ನೀರಿನ ಕೊಡ ಮತ್ತು ಪೊರಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನದ ಲಕ್ಷಣ ಹೇಳುವಾಗ, ಈ ಸೂನಗಳನ್ನೂ ಆರಂಭವನ್ನೂ ಬಿಟ್ಟ ಸಾಧುಗಳನ್ನು ಸ್ಮರಿಸುತ್ತಾರೆ. ಗೃಹಸ್ಥರು ಇವನ್ನು ಬಿಡಲಾರರು. ಆದರೆ ಈ ಐದು ಕಡೆ ಎಚ್ಚರವಾಗಿರಬಲ್ಲರು. ಇಂದಿನ ಅಡುಗೆಮನೆಯನ್ನು ಓರಣವಾಗಿಡಲು ಈ ಪಟ್ಟಿಗಿಂತ ಸುಲಭವಾದ ಕ್ರಮ ಬೇಕಿಲ್ಲ.

1. ಒರಳು: ಕಾಳುಕಡಿ ಮತ್ತು ಮಿಕ್ಸಿ

ಅಕ್ಕಿ, ಜೋಳ, ಗೋಧಿಗೆ ಬೀಳುವ ನುಸಿಯ ಹೆಣ್ಣುಹುಳು ಕಾಳಿನಲ್ಲಿ ಸಣ್ಣ ರಂಧ್ರ ಕೊರೆದು, ಒಳಗೆ ಮೊಟ್ಟೆಯಿಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆಯುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹುಳುವಾಗಿ ಹೊರಬರುತ್ತದೆ. ಅಂದರೆ ನುಸಿ ಇಂದು ಕಣ್ಣಿಗೆ ಬಿತ್ತೆಂದರೆ ಅದು ಒಳಸೇರಿ ತಿಂಗಳಾಗಿದೆ. ಹೆಸರು, ಅಲಸಂದೆ, ಕಡಲೆಯಂಥ ಇಡೀ ಕಾಳುಗಳಿಗೆ ಬರುವ ಹುಳು ಸಿಪ್ಪೆಯ ಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಅವು ಬಿಳಿ ಚುಕ್ಕೆಗಳಂತೆ ಕಾಣುತ್ತವೆ. ಒಡೆದ ಬೇಳೆಗೆ ಈ ಕಾಟ ಕಡಿಮೆ.

ಇದರಿಂದ ಹೊರಡುವ ನಿಯಮಗಳು ನಾಲ್ಕೇ.

- ಮಳೆಗಾಲದಲ್ಲಿ ತಿಂಗಳಿಗೆ ಸಾಕಾಗುವುದಕ್ಕಿಂತ ಹೆಚ್ಚು ತರಬಾರದು. ರಿಯಾಯಿತಿ ದರಕ್ಕೆ ಸಿಕ್ಕಿತೆಂದು ತಂದ ದೊಡ್ಡ ಚೀಲ ಕೊನೆಗೆ ಹುಳುಗಳ ಮನೆಯಾಗುತ್ತದೆ.
- ತಂದ ದಿನವೇ ಬೆಳಕಿನಲ್ಲಿ ಮೊರದ ಮೇಲೆ ಹರವಿ ನೋಡಿ, ಆರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು. ಅಂಗಡಿಯ ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಸಾಲದು. ಅದನ್ನು ಕೊರೆಯಬಲ್ಲ ಹುಳುಗಳಿವೆ.
- ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಿ ಖಾಲಿಯಾಗಲಿ, ತೊಳೆದು ಒಣಗಲಿ, ಆಮೇಲೆ ಹೊಸದು. ಇದೊಂದನ್ನು ಪಾಲಿಸಿದರೂ ಅರ್ಧ ತೊಂದರೆ ತಪ್ಪುತ್ತದೆ.
- ಕಪಾಟಿನಲ್ಲಿ ಹಳೆಯದು ಮುಂದೆ, ಹೊಸದು ಹಿಂದೆ.

ವರ್ಷದ ಧಾನ್ಯವನ್ನು ಒಮ್ಮೆಲೇ ತುಂಬಿಡುವ ಪದ್ಧತಿ ಉತ್ತರ ಕರ್ನಾಟಕದ ರೈತ ಮನೆಗಳಲ್ಲಿ ಇನ್ನೂ ಇದೆ. ಅಲ್ಲಿ ಬೇಸಿಗೆಯ ಬಿಸಿಲೇ ಆಧಾರ. ಸುಗ್ಗಿ ಮುಗಿದೊಡನೆ, ಹುಳು ಸೇರುವ ಮುನ್ನ, ಕಾಳನ್ನು ಕಟುಂ ಎನ್ನುವಂತೆ ಒಣಗಿಸಬೇಕು. ಒಣಗಿದ ಕಾಳು ಹುಳುವಿಗೆ ಒಗ್ಗುವುದಿಲ್ಲ. ಬಳಕೆಗೆ ಬೇಕಾದಷ್ಟನ್ನು ಮಾತ್ರ ಅಡುಗೆಮನೆಗೆ ತಂದುಕೊಂಡರೆ ದೊಡ್ಡ ಪಾತ್ರೆಯನ್ನು ದಿನವೂ ತೆರೆಯುವ ಪ್ರಸಂಗ ಬರುವುದಿಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರಿಡುವುದು, ಡಬ್ಬಿಯಲ್ಲಿ ಒಣಗಿದ ಬೇವಿನೆಲೆ ಅಥವಾ ಲವಂಗ ಇಡುವುದು ಹಿರಿಯರ ರೂಢಿ. ಇವು ಹುಳು ಬಾರದ ಮೊದಲು ಮಾಡುವ ಕೆಲಸಗಳು, ಬಂದ ಮೇಲಿನ ಮದ್ದುಗಳಲ್ಲ. ರಾಗಿ ಬಹುಕಾಲ ಕೆಡದೆ ಉಳಿಯುತ್ತದೆ. ಕರಾವಳಿ ಮಲೆನಾಡುಗಳಲ್ಲಿ ತೇವ ಹೆಚ್ಚಿರುವುದರಿಂದ ಡಬ್ಬಿಗಳನ್ನು ಗೋಡೆಗೆ ತಾಗಿಸದೆ, ನೆಲಕ್ಕೆ ಇಡದೆ, ಹಲಗೆಯ ಮೇಲಿಡುವುದು ಲೇಸು.

ಒರಳಿನ ಜಾಗಕ್ಕೆ ಈಗ ಮಿಕ್ಸಿ ಬಂದಿದೆ. ಜಾರಿನ ಬ್ಲೇಡಿನ ಅಡಿ, ಮುಚ್ಚಳದ ರಬ್ಬರ್, ಜಾರು ಕೂರುವ ಕುಳಿ – ಈ ಮೂರು ಕಡೆ ಚಟ್ನಿ, ಹಿಟ್ಟು ಉಳಿದು ಬೂಷ್ಟು ಹಿಡಿಯುತ್ತದೆ. ರುಬ್ಬಿದ ಕೂಡಲೇ ಜಾರಿಗೆ ನೀರು ಹಾಕಿ ಒಂದು ಸುತ್ತು ತಿರುಗಿಸಿ, ತೊಳೆದು, ಬೋರಲು ಹಾಕುವುದು ಒಂದು ನಿಮಿಷದ ಕೆಲಸ. ಬಳಸುವ ಮುನ್ನ ಜಾರಿನೊಳಗೆ ಒಮ್ಮೆ ಇಣುಕಿ ನೋಡುವುದನ್ನು ಮರೆಯಬಾರದು. ರಾತ್ರಿ ಇರುವೆಗಳು ಅಲ್ಲಿ ಸೇರಿರುತ್ತವೆ.

2. ಬೀಸುಕಲ್ಲು: ಹಿಟ್ಟು ಮತ್ತು ರವೆ

ಹಿಟ್ಟಿಗೆ ಬರುವ ಕೆಂಪು ಹುಳುವಿಗೆ ಗಟ್ಟಿಯಾದ ಇಡೀ ಕಾಳನ್ನು ತಿನ್ನುವುದು ಕಷ್ಟ. ನುಚ್ಚು, ರವೆ, ಹಿಟ್ಟು ಅದಕ್ಕೆ ಸುಲಭದ ಆಹಾರ. ಆದ್ದರಿಂದ ಕಾಳಾಗಿಯೇ ಇಟ್ಟುಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಬೀಸಿಕೊಳ್ಳುವುದು ಉತ್ತಮ. ದಿಗಂಬರ ಪರಂಪರೆಯಲ್ಲಿ ಹಿಟ್ಟಿನ ಮರ್ಯಾದೆಯನ್ನು ಸಾಮಾನ್ಯವಾಗಿ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಎಣಿಸುತ್ತಾರೆ. ತೇವ ಹೆಚ್ಚಿದಷ್ಟೂ ಅವಧಿ ಕಡಿಮೆ ಎಂಬ ಲೆಕ್ಕ ಇದರಲ್ಲಿ ಸ್ಪಷ್ಟವಾಗಿದೆ.

ಮುನಿಗಳಿಗೆ ಆಹಾರದಾನ ಮಾಡುವ ಮನೆಗಳಲ್ಲಿ ಈ ಮರ್ಯಾದೆ ಕಟ್ಟುನಿಟ್ಟಾಗಿ ನಡೆಯುತ್ತದೆ. ಉಳಿದ ಮನೆಗಳಲ್ಲಿ ಪೂರ್ತಿ ಪಾಲಿಸಲಾಗದಿದ್ದರೂ ಒಂದು ಅಭ್ಯಾಸ ಸಾಧ್ಯ: ಡಬ್ಬಿಯ ಮೇಲೆ ಚೀಟಿ ಅಂಟಿಸಿ ಬೀಸಿದ ಅಥವಾ ತಂದ ದಿನಾಂಕ ಬರೆಯುವುದು. ಈ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ‘ಮರ್ಯಾದೆ’ ಎಂಬ ಶಬ್ದದ ಅರ್ಥ ಅವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

3. ಒಲೆ

ಗ್ಯಾಸ್ ಒಲೆಯ ಬರ್ನರ್ ಅಡಿಯಲ್ಲಿ ಉಕ್ಕಿದ ಹಾಲು, ಬಿದ್ದ ಒಗ್ಗರಣೆ ಉಳಿದರೆ ರಾತ್ರಿ ಇರುವೆ, ಜಿರಲೆ ಬರುತ್ತವೆ. ಬೆಳಿಗ್ಗೆ ಅರೆನಿದ್ದೆಯಲ್ಲಿ ಒಲೆ ಹೊತ್ತಿಸಿದರೆ ಅವುಗಳ ಗತಿ ಏನೆಂದು ಹೇಳಬೇಕಿಲ್ಲ. ರಾತ್ರಿ ಒಲೆ ಒರೆಸಿಡುವುದು, ಬೆಳಿಗ್ಗೆ ಹೊತ್ತಿಸುವ ಮುನ್ನ ಬರ್ನರ್ ಎತ್ತಿ ಮೃದುವಾದ ಬಟ್ಟೆಯಿಂದ ಸವರುವುದು – ಇವೆರಡು ತಪ್ಪಬಾರದು. ಹಿಂದೆ ಸೌದೆಯನ್ನು ಕೊಡವಿ ನೋಡಿ ಒಲೆಗೆ ಹಾಕುತ್ತಿದ್ದುದರ ಹಿಂದೆ ಇದ್ದುದೂ ಇದೇ ಎಚ್ಚರ.

ಸೂರ್ಯಾಸ್ತದ ಮೊದಲೇ ಅಡುಗೆ, ಊಟ ಮುಗಿಸುವ ಮನೆಗೆ ಇಲ್ಲೊಂದು ಅನುಕೂಲವಿದೆ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಹುಳುಗಳು ಬರುವ ಹೊತ್ತಿಗೆ ಒಲೆ ಆರಿರುತ್ತದೆ, ಪಾತ್ರೆ ತೊಳೆದಿರುತ್ತದೆ, ಅಡುಗೆಮನೆಯ ದೀಪವನ್ನೂ ಆರಿಸಬಹುದು.

4. ನೀರಿನ ಕೊಡ

ಗಟ್ಟಿಯಾದ ಹತ್ತಿಬಟ್ಟೆಯನ್ನು ಎರಡು ಪದರ ಮಾಡಿ ನೀರು ಸೋಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿನದು 24 ಗಂಟೆ. ಬಟ್ಟೆಯನ್ನು ನಲ್ಲಿಗೆ ಕಟ್ಟಿ ಹಾಗೆಯೇ ಬಿಡುವ ರೂಢಿ ಮಾತ್ರ ಸರಿಯಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳು ಅಲ್ಲೇ ಒಣಗಿ ಸಾಯುತ್ತವೆ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಜಾಲಿಸಿ, ಆ ಜೀವಾಣಿಯನ್ನು ನೀರಿನ ಮೂಲಕ್ಕೆ ಸೇರಿಸಬೇಕು. ಬಾವಿಯಿರುವ ಮನೆಗೆ ಇದು ಸುಲಭ. ನಲ್ಲಿ ನೀರಿನ ಮನೆಗಳಲ್ಲಿ ಪೂರ್ತಿ ಸಾಧ್ಯವಾಗದಿದ್ದರೂ ಬಟ್ಟೆಯನ್ನು ನಲ್ಲಿಯಲ್ಲೇ ಒಣಗಲು ಬಿಡದಿರುವುದು ಎಲ್ಲರಿಗೂ ಸಾಧ್ಯ.

ತುಂಬಿಟ್ಟ ನೀರಿಗೆ ಸದಾ ಮುಚ್ಚಳವಿರಬೇಕು. ಬೆಚ್ಚನೆಯ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಫ್ರಿಜ್ ಹಿಂಬದಿಯ ನೀರಿನ ತಟ್ಟೆ, ಪಾತ್ರೆ ಬೋರಲು ಹಾಕುವ ಬುಟ್ಟಿಯ ಅಡಿತಟ್ಟೆ, ಸಿಂಕಿನ ಕೆಳಗೆ ಸೋರುವ ಪೈಪು – ಇವು ಮರೆತುಹೋಗುವ ಜಾಗಗಳು. ಜಿರಲೆಗೂ ಆಹಾರಕ್ಕಿಂತ ನೀರೇ ಮುಖ್ಯ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಚಿಕ್ಕ ಕಂದು ಜಿರಲೆಯ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ರಾತ್ರಿ ಸಿಂಕ್ ಒರೆಸಿ ಒಣಗಿಸಿ, ಕೊಳವೆಯ ಬಾಯಿಗೆ ಜಾಲರಿ ಮುಚ್ಚಿದರೆ ಆ ಸಂಸಾರ ಬೆಳೆಯಲು ಆಸ್ಪದವಿಲ್ಲ. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಡುಗೆಮನೆಯಲ್ಲಿ ಕೂಡಿಡಬಾರದು. ಜಿರಲೆ ಮನೆಗೆ ಬರುವುದೇ ಬಹಳ ಸಲ ಅವುಗಳ ಮಡಿಕೆಯಲ್ಲಿ.

5. ಪೊರಕೆ

ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು ಅದರ ಮೃದುತ್ವಕ್ಕಾಗಿ. ಮನೆಯೊಳಗೂ ಮೃದುವಾದ ಹುಲ್ಲಿನ ಪೊರಕೆಯೇ ಇರಲಿ. ಕಡ್ಡಿಪೊರಕೆ ಅಂಗಳಕ್ಕೆ ಸಾಕು. ಮೊದಲು ಗುಡಿಸಿ ಆಮೇಲೆ ನೆಲ ಒರೆಸಬೇಕು. ಹಸಿ ಕಸ ಅಡುಗೆಮನೆಯಲ್ಲಿ ರಾತ್ರಿ ಕಳೆಯಬಾರದು; ನೊಣ ಮೊಟ್ಟೆಯಿಡುವುದು ಅಲ್ಲಿಯೇ. ಗಂಜಿ, ಬಿಸಿನೀರನ್ನು ಆರಿದ ಮೇಲೆಯೇ ಚೆಲ್ಲಬೇಕು, ಕುದಿಯುವಾಗ ಸಿಂಕಿಗೆ ಸುರಿಯಬಾರದು. ಊಟದ ಎಂಜಲು ತಟ್ಟೆಗಳನ್ನು ಒಂದು ಮುಹೂರ್ತದೊಳಗೆ ತೊಳೆಯಬೇಕೆಂಬ ಹಿರಿಯರ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಮಸಿಬಟ್ಟೆಯನ್ನು ದಿನವೂ ಒಗೆದು ಗಾಳಿಗೆ ಹರವಬೇಕು. ಮುದ್ದೆಯಾಗಿ ಬಿದ್ದ ಒದ್ದೆ ಬಟ್ಟೆಯಿಂದ ಒರೆಸಿದರೆ ಕೊಳೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಹುಳು ಬಂದೇಬಿಟ್ಟರೆ

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಆದಷ್ಟು ಕಡಿಮೆ ಹಾನಿಯ ದಾರಿ ಹಿಡಿಯಬೇಕು. ಧಾನ್ಯವನ್ನು ಅಗಲವಾದ ಮೊರದಲ್ಲಿ ತೆಳುವಾಗಿ ಹರವಿ, ಬಿಸಿಲಿಗಿಡದೆ, ಗಾಳಿಯಾಡುವ ನೆರಳಿನಲ್ಲಿ ಬಿಟ್ಟರೆ ಹುಳುಗಳು ತಾವಾಗಿಯೇ ಸರಿದುಹೋಗುತ್ತವೆ. ಕೊರೆದ ಕಾಳನ್ನು ಬೇಯಿಸುವುದಾಗಲಿ ಗಿರಣಿಗೆ ಕೊಡುವುದಾಗಲಿ ಸಲ್ಲದು, ಒಳಗೆ ಮರಿಗಳಿರುತ್ತವೆ. ಅದನ್ನು ಯಾರೂ ತುಳಿಯದ, ನೀರು ಬೀಳದ ನೆರಳಿನ ಜಾಗದಲ್ಲಿ ಇಡಬೇಕು. ಇರುವೆ ಸಾಲು ಕಂಡರೆ ಮೊದಲು ಅವು ಹುಡುಕಿ ಬಂದ ತಿನಿಸನ್ನು ತೆಗೆದು ಕಾಯಬೇಕು. ಅವು ಚದುರಿ ಹೋದ ಮೇಲೆ ಆ ಹಾದಿಯನ್ನು ಸೋಪಿನ ನೀರಿನಿಂದ ಒರೆಸಿದರೆ ವಾಸನೆಯ ಗುರುತು ಅಳಿದು, ಮತ್ತೆ ಅದೇ ದಾರಿಯಲ್ಲಿ ಬರುವುದು ನಿಲ್ಲುತ್ತದೆ. ಡಬ್ಬಿಯ ಕಾಲಿಗೆ ನೀರಿನ ಬಟ್ಟಲು ಇಡುವ ಪದ್ಧತಿಯಲ್ಲಿ ಇರುವೆಗಳು ಮುಳುಗಿ ಸಾಯುವುದರಿಂದ ಬಿಗಿ ಮುಚ್ಚಳವೇ ಮೇಲು.

ಯಾರ ಕೆಲಸ?

ಇಷ್ಟನ್ನೂ ಓದಿದಾಗ ಇದೆಲ್ಲ ಮನೆಯ ಗೃಹಿಣಿಯ ತಲೆಯ ಮೇಲೆ ಬೀಳುವ ಹೊರೆ ಎನಿಸಬಹುದು. ಅನೇಕ ಮನೆಗಳಲ್ಲಿ ಹಾಗೆಯೇ ನಡೆದಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕಾದ ಸೊಸೆ ನುಸಿ ಆರಿಸುತ್ತ ಕೂತಿರುತ್ತಾಳೆ. ಮನೆಯ ಉಳಿದವರು ವ್ರತ, ಮರ್ಯಾದೆಗಳ ಮಾತಾಡುತ್ತಿರುತ್ತಾರೆ. ಆದರೆ ಅಣುವ್ರತಗಳನ್ನು ಶಾಸ್ತ್ರಗಳು ಹೆಂಗಸರಿಗೆ ಮಾತ್ರ ಹೇಳಿಲ್ಲ. ಉಣ್ಣುವವರೆಲ್ಲರಿಗೂ ಅದರಲ್ಲಿ ಪಾಲಿದೆ. ಸಾಮಾನು ತರುವವರು ಹೆಚ್ಚು ತಾರದಿರಲಿ, ಮಕ್ಕಳು ದಿನಾಂಕ ಬರೆಯಲಿ, ಹಿರಿಯರು ಬೆಳಕಿನಲ್ಲಿ ಕೂತು ಕಾಳು ಆರಿಸಲಿ, ರಾತ್ರಿ ಸಿಂಕ್ ಒಣಗಿಸಿ ಕಸ ಹೊರಗಿಡುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ.

ಚಾತುರ್ಮಾಸಕ್ಕೆ ಮುಂಚೆ, ಬೇಸಿಗೆಯ ಬಿಸಿಲು ಇರುವಾಗಲೇ, ಒಂದು ದಿನ ಮನೆಮಂದಿಯೆಲ್ಲ ಸೇರಿ ಕಪಾಟು ಖಾಲಿ ಮಾಡಿ, ಡಬ್ಬಿ ತೊಳೆದು ಒಣಗಿಸಿದರೆ ಮಳೆಯ ನಾಲ್ಕು ತಿಂಗಳು ನಿಶ್ಚಿಂತೆ. ಆಮೇಲೆ ದಿನಕ್ಕೆ ಅರ್ಧ ಗಂಟೆ ಸಾಕು. ಶ್ರಾವಣದ ಬೆಳಿಗ್ಗೆ ರವೆಯ ಡಬ್ಬಿ ತೆರೆದಾಗ ಒಳಗೆ ರವೆ ಮಾತ್ರ ಇದ್ದರೆ, ಮಾಡಿದ ಕೆಲಸದ ಫಲ ಅದೇ.