ಮಾಡಿದ ಕೆಲಸವನ್ನು ತೋರಿಸುವುದು ಹೇಗೆ?

ಕಳೆದ ವರ್ಷ ಚಿಕ್ಕಜಾಲದ ಒಂದು ದಿನಸಿ ಅಂಗಡಿಗೆ ಉದ್ರಿ ಲೆಕ್ಕ ಬರೆದಿಡುವ ಸಣ್ಣ ಪ್ರೋಗ್ರಾಂ ಮಾಡಿಕೊಂಡು ಹೋಗಿದ್ದೆ. ಲ್ಯಾಪ್‌ಟಾಪ್ ತೆರೆದು ಕೋಡ್ ತೋರಿಸುತ್ತಾ ಹತ್ತು ನಿಮಿಷ ವಿವರಿಸಿದೆ. ಅಂಗಡಿಯಣ್ಣ ಕೇಳಿದ್ದು ಒಂದೇ ಮಾತು: "ಕರೆಂಟು ಹೋದ್ರೆ ನನ್ನ ಲೆಕ್ಕ ಉಳಿಯುತ್ತೇನಪ್ಪಾ?" ನನ್ನ ಬಳಿ ಉತ್ತರವಿರಲಿಲ್ಲ. ಕೆಲಸವೂ ಸಿಗಲಿಲ್ಲ.

ನಾವು ಮಾಡಿದ ಸಾಫ್ಟ್‌ವೇರ್‌ಗಳನ್ನು ಒಂದೆಡೆ ಜೋಡಿಸಿ ತೋರಿಸುವುದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಅದನ್ನು ನೋಡುವವರು ಎರಡು ತರಹ. ಕೆಲಸ ಮಾಡಿಸಿಕೊಳ್ಳುವವರಿಗೆ ಕೋಡ್ ಬೇಡ, ಅವರ ಮೊಬೈಲಿನಲ್ಲೇ ಅದು ಓಡಬೇಕು. ಕಂಪನಿಯ ಇಂಜಿನಿಯರ್ ಮಾತ್ರ ಗಿಟ್‌ಹಬ್ ತೆರೆದು ಒಳಗೆ ಇಣುಕುತ್ತಾರೆ.

ಇಬ್ಬರಿಗೂ ಸಲ್ಲುವ ಮಾದರಿಯೊಂದು ಕನ್ನಡದಲ್ಲೇ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್'. ಅದರಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. ಝೆರೋಧಾದ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ತಾಣ ತೆರೆದರೆ ಎದುರಿಗೇ ಹುಡುಕುವ ಪೆಟ್ಟಿಗೆ. ಪದ ಹಾಕಿದರೆ ಅರ್ಥ ಬರುತ್ತದೆ, ಯಾರೂ ಪಕ್ಕದಲ್ಲಿ ನಿಂತು ವಿವರಿಸಬೇಕಿಲ್ಲ. ನಿಘಂಟನ್ನು ನಡೆಸುವ ತಂತ್ರಾಂಶದ ಕೋಡ್ ಗಿಟ್‌ಹಬ್‌ನಲ್ಲಿದೆ. ಬೇಕಾದವರು ಅಲ್ಲಿ ಓದಿಕೊಳ್ಳಬಹುದು.

ಗಿಟ್‌ಹಬ್‌ನಲ್ಲಿ ಪ್ರತಿ ಕೆಲಸದ ಜೊತೆ 'ರೀಡ್‌ಮಿ' ಎಂಬ ಪುಟ ಇಡಬಹುದು. ನಮ್ಮಲ್ಲಿ ಹೆಚ್ಚಿನವರು ಅದನ್ನು ಖಾಲಿ ಬಿಡುತ್ತೇವೆ! ಇದು ಯಾರಿಗಾಗಿ, ಯಾವ ತೊಂದರೆಗೆ, ಹೇಗೆ ನಡೆಸಬೇಕು ಎಂದು ಅಲ್ಲಿ ಬರೆಯಿರಿ, ಒಂದು ಸ್ಕ್ರೀನ್‌ಶಾಟ್ ಹಾಕಿ. ಇನ್ನೂ ಆಗದೆ ಉಳಿದದ್ದನ್ನೂ ಬರೆಯಿರಿ, ಸಂದರ್ಶನದಲ್ಲಿ ಒಳ್ಳೆಯ ಮಾತು ಶುರುವಾಗುವುದು ಅಲ್ಲಿಂದಲೇ. ನನ್ನ ರೀಡ್‌ಮಿಯ ಮೊದಲ ಸಾಲು ಈಗ "ಬರೆದ ಕೂಡಲೇ ಲೆಕ್ಕ ಉಳಿಯುತ್ತದೆ, ಕರೆಂಟು ಹೋದರೂ" ಎಂದಿದೆ.

ಪ್ರೊಫೈಲಿನ ಮೇಲ್ಭಾಗದಲ್ಲಿ 6 ಕೆಲಸಗಳವರೆಗೆ ಪಿನ್ ಮಾಡಬಹುದು. ಎರಡು ಸಾಕು. ಯೂಟ್ಯೂಬ್ ನೋಡಿ ಇಳಿಸಿದ ಕ್ಯಾಲ್ಕುಲೇಟರ್ ಬೇಡ. ಗುಂಪಿನಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದೆಂದು ಹೇಳಿ. ಎಐ ಬರೆದುಕೊಟ್ಟಿದ್ದಾದರೆ ಅದನ್ನೂ ಹೇಳಿ. "ಈ ಸಾಲು ಯಾಕೆ?" ಎಂದು ಕೇಳಿದಾಗ ತಡವರಿಸಿದರೆ ಎಲ್ಲವೂ ಹೋಯಿತು.

ಇನ್ನೊಂದು ಎಚ್ಚರಿಕೆ. ಗಿರಾಕಿಗಳ ನಿಜವಾದ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಯಾವುದನ್ನೂ ಗಿಟ್‌ಹಬ್‌ಗೆ ಏರಿಸಬೇಡಿ. ಆಮೇಲೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಹೀಗೆ ಮಾಡಿಕೊಂಡ ನಾನು ಕೊನೆಗೆ ಇಡೀ ರೆಪಾಸಿಟರಿಯನ್ನೇ ತೆಗೆದು, ಸುಳ್ಳು ಹೆಸರುಗಳನ್ನು ತುಂಬಿ ಹೊಸದನ್ನು ಶುರು ಮಾಡಬೇಕಾಯಿತು.