ಮಲೆಯೂರಿನ ಬರೆಹಗಾರನಿಗೆ ಒದಗುವ ಆಸರೆಗಳು

ಶಿರಾಡಿ ಘಟ್ಟದ ನೆತ್ತಿಯ ಮೇಲಿರುವ ಹೆಗ್ಗದ್ದೆಯ ಸುತ್ತಿನಲ್ಲಿ, ಆಷಾಢದ ಮಳೆ ಹಿಡಿದು ತೋಟದ ಕೆಲಸಗಳೆಲ್ಲ ನಿಂತ ದಿನಗಳಲ್ಲಿ ಕಥೆಯೊಂದನ್ನು ಬರೆದು ಮುಗಿಸಿದ ತರುಣನಿಗೋ ತರುಣಿಗೋ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ವ್ಯವಹಾರಕ್ಕೆ ಸಂಬಂಧಿಸಿದವು: ಇದನ್ನು ಯಾರಿಗೆ ತೋರಿಸುವುದು, ಯಾರು ಅಚ್ಚು ಹಾಕಿಸಿಯಾರು, ಅಚ್ಚಾದ ಮೇಲೆ ಬರೆದವರ ಕೈಗೆ ಸೇರುವುದೇನು? ಇವಕ್ಕೆ ಉತ್ತರ ಹೇಳಬಲ್ಲ ಸಂಸ್ಥೆಗಳು ಕನ್ನಡದಲ್ಲಿ ಇಲ್ಲದೆ ಇಲ್ಲ. ನಾಡಿನ ಮೂಲೆಮೂಲೆಗಳಲ್ಲಿ ಚದುರಿಹೋಗಿರುವ ಕಾರಣದಿಂದ ಮಲೆಯ ಮರೆಯಲ್ಲಿರುವವರಿಗೆ ಅವುಗಳ ಪರಿಚಯವಾಗುವುದು ತಡ, ಅಷ್ಟೆ.

ವಯಸ್ಸಿನ ಹಿರಿತನದಿಂದ ಮೊದಲು ನೆನೆಯತಕ್ಕದ್ದು ಕನ್ನಡ ಸಾಹಿತ್ಯ ಪರಿಷತ್ತನ್ನು. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1915ರ ಮೇ 5ರಂದು, ಎಚ್. ವಿ. ನಂಜುಂಡಯ್ಯನವರನ್ನು ಪ್ರಥಮಾಧ್ಯಕ್ಷರನ್ನಾಗಿ ಪಡೆದು ಜನ್ಮತಾಳಿದ ಈ ಸಂಸ್ಥೆಯ ಶಾಖೆಗಳು ಇಂದು ತಾಲ್ಲೂಕು ತಾಲ್ಲೂಕಿಗೂ ಹಬ್ಬಿವೆ. ಅದರ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಓದಿದವನಿಗೆ ಹಳಗನ್ನಡದ ಬುನಾದಿ ಗಟ್ಟಿಯಾಗುತ್ತದೆ. ಎಂಟು ಸಂಪುಟಗಳ ನಿಘಂಟಂತೂ ಬರೆಹಗಾರನ ಜೀವಿತಾವಧಿಯ ಒಡನಾಡಿ. ಆದರೆ ಹೊಸಬನ ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದು ‘ಈ ಪುಟ ಬೇಡ’ ಎನ್ನುವ ನಿಷ್ಠುರ ಕಾರ್ಯ ಸಭೆ ಸಮ್ಮೇಳನಗಳ ಜಾಯಮಾನಕ್ಕೆ ಒಗ್ಗತಕ್ಕದ್ದಲ್ಲ. ಶಾಲುಹಾರಗಳಿಂದ ಯಾರ ಗದ್ಯವೂ ತಿದ್ದಿಲ್ಲವೆಂಬುದು ನನ್ನ ಅಭಿಪ್ರಾಯ.

ಆ ಕಾರ್ಯವನ್ನು ಬಹುಕಾಲದಿಂದ ಮಾಡುತ್ತ ಬಂದವು ಪತ್ರಿಕೆಗಳು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಕನ್ನಡದ ಎಷ್ಟೋ ಕಥೆಗಾರರಿಗೆ ಹೆಬ್ಬಾಗಿಲಾಗಿದೆ, 1965ರ ‘ಸುಧಾ’, 1968ರ ‘ಮಯೂರ’, ಮಣಿಪಾಲದ ‘ತರಂಗ’, ‘ತುಷಾರ’ಗಳೂ ಅಂಚೆಯಲ್ಲಿ ಬಂದ ಅಪರಿಚಿತರ ಕಥೆಗಳಿಗೆ ಎಡೆಕೊಟ್ಟಿವೆ. ಕಥೆಗಳು ಕೂಡಿ ಸಂಕಲನವಾಗುವಷ್ಟಾದಾಗ, ಲೇಖಕ ವಸುಧೇಂದ್ರರು ಕಟ್ಟಿದ ಛಂದ ಪುಸ್ತಕವು ಅಪ್ರಕಟಿತ ಹಸ್ತಪ್ರತಿಗಳಿಗಾಗಿ ಏರ್ಪಡಿಸುವ ಸ್ಪರ್ಧೆಯುಂಟು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರೆಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನವುಂಟು. ಸಹಾಯಧನಕ್ಕಿಂತ ಸ್ಪರ್ಧೆಯನ್ನೇ ನಾನು ಮೇಲೆಂದು ಎಣಿಸುತ್ತೇನೆ, ಏಕೆಂದರೆ ಅಲ್ಲಿ ಹಣಕ್ಕೆ ಮೊದಲು ಓದು ಇದೆ.

ರಾಜಧಾನಿಗೆ ಹೋಗಿ ನೆಲೆಸದ ಹೊರತು ಸಾಹಿತ್ಯದ ಬಾಳು ಸಾಗದೆಂದು ನಂಬಿದವರು ಒಮ್ಮೆ ಸಾಗರ ಸೀಮೆಯ ಹೆಗ್ಗೋಡನ್ನು ನೋಡಿ ಬರಬೇಕು. ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ಶ್ರದ್ಧೆಯಿಂದ ನಾಟಕಶಾಲೆಯಾಗಿ ಬೆಳೆಯಿತು. ಜೊತೆಯಲ್ಲಿಯೇ ಅವರ ಅಕ್ಷರ ಪ್ರಕಾಶನ ಕನ್ನಡದ ಮುಖ್ಯ ಲೇಖಕರ ಗ್ರಂಥಗಳನ್ನು ಹೊರತಂದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಲ್ಲಿ ಪ್ರತಿವರ್ಷ ನಡೆಯುತ್ತ ಬಂದಿರುವ ಸಂಸ್ಕೃತಿ ಶಿಬಿರದಲ್ಲಿ ಹಿರಿಯ ಲೇಖಕರೂ ಹೆಸರಿಲ್ಲದ ಹೊಸಬರೂ ಒಂದೇ ಪಂಕ್ತಿಯಲ್ಲಿ ಉಂಡು, ರಾತ್ರಿ ನಾಟಕ ನೋಡಿ, ಬೆಳಿಗ್ಗೆ ಅದನ್ನು ಕುರಿತು ವಾದಿಸುತ್ತಾರೆ. ಬರೆಯುವವನಿಗೆ ಇದಕ್ಕಿಂತ ಉಪಕಾರಕವಾದ ಪಾಠಶಾಲೆ ನಮ್ಮಲ್ಲಿ ಮತ್ತೊಂದಿಲ್ಲ.

ಇನ್ನು ಜೀವನೋಪಾಯದ ಮಾತು. ಮುಖಬೆಲೆ 200 ರೂಪಾಯಿಯ ಪುಸ್ತಕ 1,000 ಪ್ರತಿ ಪೂರ್ತಿ ಖರ್ಚಾಗಿ, ಶೇಕಡ 10ರ ರಾಯಲ್ಟಿ ಚಾಚೂತಪ್ಪದೆ ಬಂದರೂ ಕೈಸೇರುವುದು 20,000 ರೂಪಾಯಿ. ಬರೆಯಲು ಹಿಡಿದದ್ದು ಎರಡು ವರ್ಷವಾದರೆ ತಿಂಗಳಿಗೆಷ್ಟಾಯಿತೆಂದು ಓದುಗರೇ ಭಾಗಿಸಿಕೊಳ್ಳಬಹುದು. ನೆರೆಯ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ತೋಟದಲ್ಲಿದ್ದುಕೊಂಡೇ ‘ಕರ್ವಾಲೊ’ ಬರೆದರು. ಹಾಸನದ ಬಾನು ಮುಷ್ತಾಕ್ ಅವರು ಪತ್ರಿಕಾ ವರದಿಗಾರ್ತಿಯಾಗಿ, ಮುಂದೆ ವಕೀಲರಾಗಿ ದುಡಿಯುತ್ತ ದಶಕಗಳ ಕಾಲ ಬರೆದ ಕಥೆಗಳು, ಮಡಿಕೇರಿಯ ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು. 50,000 ಪೌಂಡುಗಳ ಆ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲಾಯಿತು. ಅನುವಾದವೂ ಒಂದು ಕಸುಬೆಂಬುದನ್ನು ನಮ್ಮ ಮಲೆಸೀಮೆಯ ಎರಡು ಭಾಷೆ ಬಲ್ಲ ಯುವಕರು ಗಮನಿಸತಕ್ಕದ್ದು. ತೋಟ ಮಾರಿ ಕವಿಯಾಗಹೊರಡುವವರಿಗೆ ಮಾತ್ರ ನನ್ನ ಆಶೀರ್ವಾದವಿಲ್ಲ.

ಹೊಸ ಲೇಖಕರು ತೀರ ಅಲಕ್ಷಿಸುವ ಆಸರೆಯೊಂದಿದೆ, ಅದು ಕಾನೂನು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಬರೆದ ಕ್ಷಣದಿಂದಲೇ ಕೃತಿಯ ಹಕ್ಕು ಲೇಖಕನದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಲೇಖಕನು ಗತಿಸಿದ ಮೇಲೂ 60 ವರ್ಷ ಅದು ಅವನ ವಾರಸುದಾರರಿಗೆ ಸಲ್ಲುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರೆಹದ ಕರಾರೂ ರುಜುವೂ ಅವಶ್ಯ. ಕರಾರಿನಲ್ಲಿ ಅವಧಿಯನ್ನು ಕಾಣಿಸದಿದ್ದರೆ 5 ವರ್ಷವೆಂದೇ ಕಾನೂನು ಎಣಿಸುತ್ತದೆ. ಆದುದರಿಂದ, ಮೊದಲ ಪುಸ್ತಕ ಬರುವ ಸಂಭ್ರಮದಲ್ಲಿ ಪ್ರಕಾಶಕರು ನೀಡಿದ ಕಾಗದಕ್ಕೆ ಓದದೆ ರುಜು ಹಾಕಬೇಡಿರಿ. ಎಷ್ಟು ಪ್ರತಿ, ಎಷ್ಟು ವರ್ಷ, ಶೇಕಡ ಎಷ್ಟು, ಅನುವಾದದ ಹಕ್ಕು ಯಾರದು ಎಂಬ ನಾಲ್ಕು ಸಂಗತಿಗಳನ್ನು ಬರೆಯಿಸಿಕೊಂಡು, ಒಂದು ನಕಲನ್ನು ಮನೆಯಲ್ಲಿ ಇರಿಸಿಕೊಳ್ಳಿರಿ.