ವ್ಯರ್ಥವಾಗುತ್ತಿರುವ ಅನಿಲ

ಶ್ರೀರಂಗಪಟ್ಟಣದ ಭತ್ತ, ಪಾಂಡವಪುರ ಮತ್ತು ಕೃಷ್ಣರಾಜಪೇಟೆಗಳ ಕಬ್ಬು, ನಾಗಮಂಗಲದ ರಾಗಿ ಇವುಗಳ ಲೆಕ್ಕ ಕಂದಾಯದ ಕಡತಗಳಲ್ಲಿರುವುದು. ಆದರೆ ಈ ನೆಲದಲ್ಲಿ ಯಾವ ಲೆಕ್ಕಕ್ಕೂ ಸೇರದ ಮತ್ತೊಂದು ಬೆಳೆಯುಂಟು. ಅದೇ ಮಿಥೇನ್ ಅನಿಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಹುಟ್ಟುವುದನ್ನು ಹಿಡಿದಿಡಲಾಗದು. ಸಗಣಿಯಿಂದಲೂ ಕಾಕಂಬಿಯ ಕೊಳೆನೀರಿನಿಂದಲೂ ಹುಟ್ಟುವುದನ್ನು ಹಿಡಿಯಬಹುದು. 25 ಕಿಲೋ ಸಗಣಿಯಿಂದ ಸುಮಾರು 1 ಘನ ಮೀಟರ್ ಅನಿಲ ದೊರೆಯುವುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೇನ್. ಕಾಕಂಬಿಯಿಂದ 1 ಲೀಟರ್ ಮದ್ಯಸಾರ ಇಳಿಸಿದರೆ 8ರಿಂದ 15 ಲೀಟರ್ ಕೊಳೆನೀರು ಉಳಿಯುವುದು.

ಈ ಅನಿಲವನ್ನು ಒಲೆಗೆ ಹಚ್ಚಬಹುದು, ನಿಜ. ಆದರೆ ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ 161 ಡಿಗ್ರಿ ಕೆಳಗಿಳಿಸಿದಲ್ಲದೆ ಇದು ದ್ರವವಾಗದು; ಆದುದರಿಂದ ದೂರಕ್ಕೆ ಒಯ್ಯುವುದು ಕಷ್ಟ. ಇದಕ್ಕೆ ಆಮ್ಲಜನಕದ ಒಂದೇ ಪರಮಾಣು ಸೇರಿದರೆ ಪೀಪಾಯಿಯಲ್ಲಿ ತುಂಬಿ ಮಾರಬಹುದಾದ ಮೆಥನಾಲ್ ಆಗುವುದು. ಅದು ಇಂಧನ, ಅಂಟು, ಬಣ್ಣ, ಔಷಧಗಳಿಗೆ ಮೂಲವಸ್ತು. ಭಾರತವು ತನಗೆ ಬೇಕಾದ ಮೆಥನಾಲಿನ ಬಹುಪಾಲನ್ನು ಪರದೇಶಗಳಿಂದ ತರಿಸಿಕೊಳ್ಳುತ್ತಿದೆ.

ಹಾಗಾದರೆ ನಾವೇ ಏಕೆ ಮಾಡಿಕೊಳ್ಳಬಾರದು? ತೊಡಕು ರಸಾಯನದಲ್ಲಿದೆ. ಮಿಥೇನ್ ಬಲು ಜಡ; ಅದನ್ನು ಮಣಿಸುವಷ್ಟು ಕಾವು ಕೊಟ್ಟರೆ, ಹುಟ್ಟಿದ ಮೆಥನಾಲ್ ಅದಕ್ಕಿಂತ ಮೊದಲೇ ಉರಿದುಹೋಗುವುದು. ಈಗ ಬಳಕೆಯಲ್ಲಿರುವ ಸುತ್ತುದಾರಿಯು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಗಿಟ್ಟುವಂಥದು. 1998ರಲ್ಲಿ ಅಮೆರಿಕದ ರಾಯ್ ಪೆರಿಯಾನ ಮತ್ತು ಸಂಗಡಿಗರು ಕಾದ ಗಂಧಕಾಮ್ಲದಲ್ಲಿ ಪ್ಲಾಟಿನಮ್ಮಿನ ಸಂಯುಕ್ತವನ್ನು ಕ್ರಿಯಾವರ್ಧಕವಾಗಿ ಬಳಸಿ ನೇರದಾರಿಯನ್ನು ತೋರಿಸಿದರು. ಆಮ್ಲವೇ ಹುಟ್ಟಿದ ವಸ್ತುವನ್ನು ಅಪ್ಪಿ ಕಾಪಾಡಿತು. ನೂರಕ್ಕೆ 70ಕ್ಕೂ ಹೆಚ್ಚಿನ ಫಲ ಬಂದಿತು. ಆದರೆ ಕ್ರಿಯೆಯಲ್ಲಿ ಹುಟ್ಟುವ ನೀರಿನಿಂದ ಆಮ್ಲವು ತೆಳುವಾಗಿ ಕೆಲಸ ಕುಂಠಿತವಾಗುವುದು. ಆಮ್ಲದಿಂದ ಸರಕನ್ನು ಬೇರ್ಪಡಿಸುವ ವೆಚ್ಚವೂ ಹೆಚ್ಚು. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ಲಾಟಿನಮ್ಮನ್ನು ಕರಗದ ಪಾಲಿಮರಿನಲ್ಲಿ ನೆಲೆಗೊಳಿಸಿ, ಸೋಸಿ ಮತ್ತೆ ಬಳಸಿದರು. ಆಮ್ಲವು ಮಾತ್ರ ದ್ರವವಾಗಿಯೇ ಉಳಿಯಿತು.

ಇನ್ನು ಆಮ್ಲವನ್ನೂ ಪಾಲಿಮರಿಗೆ ಅಂಟಿಸಬೇಕು. ಅಂಥ ರಾಳದ ಮಣಿಗಳು ಹೊಸವೇನಲ್ಲ. ಬಾಯ್ಲರಿನ ಗಡಸುನೀರನ್ನು ಮೆದುಗೊಳಿಸುವ ಮಣಿಗಳು ಇವುಗಳ ದಾಯಾದಿಗಳೇ. ಆದರೆ ಸಾಮಾನ್ಯ ಮಣಿಯು ಸುಮಾರು 120 ಡಿಗ್ರಿ ದಾಟಿದರೆ ಆಮ್ಲಗುಣವನ್ನು ಕಳೆದುಕೊಳ್ಳತೊಡಗುವುದು. ಈ ಕ್ರಿಯೆಯು 200 ಡಿಗ್ರಿಗೂ ಮಿಗಿಲಾದ ಕಾವನ್ನು ಬೇಡುವುದು. ಈ ಅಂತರವನ್ನು ತುಂಬುವುದೇ ಉಳಿದಿರುವ ಕೆಲಸ.

ಇದು ನಮಗೇಕೆಂದು ಕೇಳುವವರು ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ಕೆಲವು ವರ್ಷ ನಿಂತುಹೋದುದನ್ನು ನೆನೆಯಲಿ. ಸಕ್ಕರೆಯ ಬೆಲೆಯೊಂದನ್ನೇ ನಂಬಿದ ಕಾರ್ಖಾನೆ ಎಡವಿದರೆ ಕಬ್ಬಿನ ರೈತನೂ ಬೀಳುವನು. ಕನ್ನಂಬಾಡಿಯ ನೀರು ಹರಿದಾಗ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯನ್ನು ಕಟ್ಟಿದವರು ನೀರನ್ನು ಕಂಡೊಡನೆ ಕೈಗಾರಿಕೆಯನ್ನೂ ಕಂಡರು. ಇಂದಿನ ಅಧಿಕಾರಿಗಳು ಮೊದಲು ಅನಿಲವನ್ನು ಹಿಡಿದಿಡುವ ಏರ್ಪಾಡು ಮಾಡಲಿ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳು ಕಾವನ್ನು ತಾಳುವ ಮಣಿಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ. ಉತ್ತರವನ್ನು ಪರರು ಕಂಡುಕೊಂಡರೆ ಅದನ್ನೂ ನಾವು ಹಣ ತೆತ್ತು ತರಿಸಬೇಕಾದೀತು.